ಬಿರುಗಾಳಿಗೆ ಮುಂಚೆ ಹೊರಟ ತಂತಿ: ರಾಬರ್ಟ್ ಫಿಟ್ಜ್‌ರಾಯ್ ಅವರ ಜೀವನ

ಈ ವರ್ಷದ ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಉಡುಪಿ ಜಿಲ್ಲೆಯ ಕಡಲತೀರದ ಒಂದು ಪ್ರೌಢಶಾಲೆ. ಎಂಟನೆಯ ತರಗತಿಗೆ ವಾಯುವಿನ ಒತ್ತಡದ ಪಾಠ. ಗಾಜಿನ ಲೋಟಕ್ಕೆ ನೀರು ತುಂಬಿ, ಮೇಲೆ ಕಾಗದವಿಟ್ಟು ಬೋರಲು ಹಾಕುವ ಪ್ರಯೋಗ ಚೆನ್ನಾಗಿಯೇ ನಡೆಯಿತು. ಕೊನೆಯ ಐದು ನಿಮಿಷದಲ್ಲಿ, ಒತ್ತಡ ಇಳಿದರೆ ಗಾಳಿ ಮಳೆ ಬರುವ ಸಾಧ್ಯತೆ ಇದೆ, ಹೀಗೆಯೇ ಹವಾಮಾನ ಇಲಾಖೆಯವರು ಮೀನುಗಾರರಿಗೆ ಮುನ್ನೆಚ್ಚರಿಕೆ ಕೊಡುತ್ತಾರೆ ಎಂದು ಹೇಳಿದೆ. ಆಗ ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತ. ಹಿಂದಿನ ವಾರ ಎಚ್ಚರಿಕೆ ಬಂತೆಂದು ಅವನ ಅಪ್ಪ ದುಡಿಯುವ ಬೋಟು ಅರ್ಧ ದಾರಿಯಿಂದ ಧಕ್ಕೆಗೆ ಹಿಂದಿರುಗಿತ್ತು. ಗಾಳಿ ಬರಲೇ ಇಲ್ಲ. ಡೀಸೆಲ್, ಐಸ್ ಎಲ್ಲ ದಂಡವಾಯಿತು, ಅಪ್ಪನಿಗೆ ಪಾಲೂ ಸಿಗಲಿಲ್ಲ. ಹಾಗಾದರೆ ಸುಳ್ಳಾಗುವ ಎಚ್ಚರಿಕೆಯನ್ನು ಯಾಕೆ ಕೊಡಬೇಕು ಎಂಬುದು ಅವನ ಪ್ರಶ್ನೆ. ಉಳಿದ ಮಕ್ಕಳು ನಕ್ಕರು. ನನಗೆ ನಗು ಬರಲಿಲ್ಲ, ಉತ್ತರವೂ ಹೊಳೆಯಲಿಲ್ಲ. ಮುಂದಿನ ತರಗತಿಯಲ್ಲಿ ಹೇಳುತ್ತೇನೆ ಎಂದು ಪಾಠ ಮುಗಿಸಿದೆ.

ನನ್ನ ಮಾರ್ಗದರ್ಶಕ ಶಿಕ್ಷಕರು ಒಂದು ಸಲಹೆ ಕೊಟ್ಟರು: ಆ ಪ್ರಶ್ನೆಯನ್ನು ಮೊದಲು ಎದುರಿಸಿದವರು ಯಾರೆಂದು ಹುಡುಕಿ, ಅವರ ಕಥೆಯನ್ನೇ ಮಕ್ಕಳಿಗೆ ಹೇಳಿ ಎಂದು. ಹುಡುಕುತ್ತ ಹೋದಾಗ ಸಿಕ್ಕವರು ಇಂಗ್ಲೆಂಡಿನ ನೌಕಾಧಿಕಾರಿ ರಾಬರ್ಟ್ ಫಿಟ್ಜ್‌ರಾಯ್. ಡಾರ್ವಿನ್ ಪಯಣಿಸಿದ ಬೀಗಲ್ ಹಡಗಿನ ಕಪ್ತಾನ ಎಂದಷ್ಟೇ ಬಿ.ಎಸ್ಸಿ. ಓದುವಾಗ ನನಗೆ ಅವರ ಹೆಸರು ಗೊತ್ತಿತ್ತು. ಅವರು ಮಾಡಿದ ಇನ್ನೊಂದು ಕೆಲಸ ಅದಕ್ಕಿಂತ ದೊಡ್ಡದೆಂದು ಈಗ ನನಗೆ ಅನಿಸುತ್ತಿದೆ.

ಬಾಲ್ಯ ಮತ್ತು ನೌಕಾಪಡೆ

ಫಿಟ್ಜ್‌ರಾಯ್ ಹುಟ್ಟಿದ್ದು 1805ರ ಜುಲೈ 5ರಂದು, ಇಂಗ್ಲೆಂಡಿನ ಸಫೋಕ್ ಪ್ರಾಂತ್ಯದಲ್ಲಿ. ಶ್ರೀಮಂತ ಮನೆತನ, ರಾಜ ಎರಡನೆಯ ಚಾರ್ಲ್ಸ್‌ನ ವಂಶದವರು. ಹನ್ನೆರಡನೆಯ ವಯಸ್ಸಿಗೆ ಪೋರ್ಟ್ಸ್‌ಮೌತ್‌ನ ರಾಯಲ್ ನೇವಲ್ ಕಾಲೇಜು ಸೇರಿದರು. ಗಣಿತದಲ್ಲಿ ಬಹಳ ಚುರುಕು. 1824ರ ಲೆಫ್ಟಿನೆಂಟ್ ಪರೀಕ್ಷೆಯಲ್ಲಿ ಪೂರ್ಣ ಅಂಕ ಪಡೆದರು. ಅಲ್ಲಿಯವರೆಗೆ ಯಾರೂ ಹಾಗೆ ಪಡೆದಿರಲಿಲ್ಲ.

ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಅವರಿಗೆ ಬೀಗಲ್ ಹಡಗಿನ ಹೊಣೆ ಬಂದದ್ದು ದುಃಖದ ಸಂದರ್ಭದಲ್ಲಿ. ದಕ್ಷಿಣ ಅಮೆರಿಕದ ತುದಿಯ ಕರಾವಳಿಯನ್ನು ಅಳೆಯುತ್ತಿದ್ದ ಆ ಹಡಗಿನ ಕಪ್ತಾನ ಪ್ರಿಂಗಲ್ ಸ್ಟೋಕ್ಸ್, ಚಳಿ, ಗಾಳಿ, ಒಂಟಿತನಗಳಿಂದ ಮನಸ್ಸು ಕುಸಿದು 1828ರಲ್ಲಿ ಜೀವ ಕಳೆದುಕೊಂಡಿದ್ದರು. ಆ ಜಾಗಕ್ಕೆ ಫಿಟ್ಜ್‌ರಾಯ್ ಬಂದರು.

ಅವರ ಮುಂದಿನ ಬದುಕನ್ನು ತಿದ್ದಿದ ಘಟನೆ ನಡೆದದ್ದು 1829ರ ಜನವರಿಯಲ್ಲಿ. ರಿಯೋ ಡಿ ಲಾ ಪ್ಲಾಟಾ ಅಳಿವೆಯ ಹತ್ತಿರ, ಮಾಲ್ಡೊನಾಡೊ ಎಂಬಲ್ಲಿ, ಪಾಂಪೆರೊ ಎಂದು ಕರೆಯುವ ಹಠಾತ್ ಬಿರುಗಾಳಿ ಹಡಗಿಗೆ ಬಡಿಯಿತು. ವಾಯುಭಾರಮಾಪಕದ ಪಾದರಸ ಅದಕ್ಕೂ ಮುಂಚೆಯೇ ಇಳಿದಿತ್ತು. ಆದರೆ ಅದು ಹೇಳಿದ್ದಕ್ಕೆ ತಕ್ಕಷ್ಟು ಬೇಗ ಹಾಯಿಗಳನ್ನು ಇಳಿಸಿರಲಿಲ್ಲ. ಹಡಗು ಮಗುಚುವಷ್ಟು ವಾಲಿತು. ಕೂವೆಮರದ ಮೇಲಿದ್ದ ಇಬ್ಬರು ನಾವಿಕರು ನೀರಿಗೆ ಬಿದ್ದು ಸತ್ತರು. ಆ ಸಾವುಗಳಿಗೆ ತಾವೇ ಕಾರಣ ಎಂಬ ಭಾವನೆ ಫಿಟ್ಜ್‌ರಾಯ್ ಅವರನ್ನು ಬಿಡಲಿಲ್ಲ. ಉಪಕರಣ ಹೇಳುವುದನ್ನು ಕೇಳದೆ ಹೋದರೆ ಏನಾಗುತ್ತದೆ ಎಂಬುದನ್ನು ಅವರು ಪುಸ್ತಕದಿಂದ ಕಲಿಯಲಿಲ್ಲ.

ಬೀಗಲ್ ಯಾನ

1831ರ ಡಿಸೆಂಬರ್ 27ರಂದು ಬೀಗಲ್ ಎರಡನೆಯ ಯಾನಕ್ಕೆ ಹೊರಟಿತು. ಸ್ಟೋಕ್ಸ್ ಅವರಿಗೆ ಆದದ್ದು ತಮಗೂ ಆಗಬಾರದೆಂದು, ಮಾತಿಗೆ ಜೊತೆಯಾಗಿ ಒಬ್ಬ ವಿದ್ಯಾವಂತರು ಬೇಕೆಂದು ಫಿಟ್ಜ್‌ರಾಯ್ ಕೇಳಿದ್ದರು. ಹಾಗೆ ಬಂದವರು ಇಪ್ಪತ್ತೆರಡರ ಹರೆಯದ ಚಾರ್ಲ್ಸ್ ಡಾರ್ವಿನ್. ಹಡಗಿನಲ್ಲಿ 22 ನಿಖರ ಗಡಿಯಾರಗಳು, ಹಲವು ವಾಯುಭಾರಮಾಪಕಗಳು ಇದ್ದವು. ಗಾಳಿಯ ಬಲವನ್ನು ಅಂಕೆಗಳಲ್ಲಿ ಬರೆಯುವ ಬೋಫರ್ಟ್ ಮಾಪಕವನ್ನು ಈ ಯಾನದಲ್ಲಿ ಕ್ರಮವಾಗಿ ಬಳಸಿದರು. ಸುಮಾರು ಐದು ವರ್ಷ ದಿನದಿನವೂ ಗಾಳಿ, ಒತ್ತಡ, ಉಷ್ಣತೆಗಳ ದಾಖಲೆ ನಡೆಯಿತು. 1835ರ ಫೆಬ್ರವರಿಯಲ್ಲಿ ಚಿಲಿ ದೇಶದ ಕನ್ಸೆಪ್ಸಿಯಾನ್ ಪಟ್ಟಣ ಭೂಕಂಪಕ್ಕೂ ದೈತ್ಯ ಅಲೆಗಳಿಗೂ ಸಿಕ್ಕಿ ನೆಲಸಮವಾದಾಗ, ಅಲ್ಲಿನ ಕರಾವಳಿ ಎಷ್ಟು ಮೇಲೆದ್ದಿದೆ ಎಂದು ಅಳೆದು ಬರೆದವರೂ ಅವರೇ.

ಅವರ ತಪ್ಪುಗಳನ್ನೂ ಹೇಳಬೇಕು. ಮೊದಲ ಯಾನದಲ್ಲಿ ಟಿಯರಾ ಡೆಲ್ ಫ್ಯೂಗೊದ ನಾಲ್ವರು ಸ್ಥಳೀಯರನ್ನು ಅವರು ಇಂಗ್ಲೆಂಡಿಗೆ ಕರೆದೊಯ್ದರು. ನಾಗರಿಕತೆ ಕಲಿಸುತ್ತೇವೆ ಎಂಬುದು ಅವರ ಎಣಿಕೆ. ಒಬ್ಬ ಸಿಡುಬಿನಿಂದ ತೀರಿಕೊಂಡ. ಉಳಿದ ಮೂವರನ್ನು ಎರಡನೆಯ ಯಾನದಲ್ಲಿ ಹಿಂದಿರುಗಿಸಿದರು. ಬೇರೆಯವರ ಬದುಕನ್ನು ತಾವೇ ನಿರ್ಧರಿಸಬಹುದು ಎಂಬ ಆ ಕಾಲದ ಧೋರಣೆಯಿಂದ ಅವರೂ ಹೊರತಾಗಿರಲಿಲ್ಲ. ಸಿಟ್ಟಿನ ಮನುಷ್ಯ, ಗುಲಾಮಗಿರಿಯ ವಿಷಯದಲ್ಲಿ ಡಾರ್ವಿನ್ ಜೊತೆ ಜೋರು ಜಗಳವೇ ಆಗಿತ್ತು. ಆದರೆ ಕೋಪ ಇಳಿದ ಮೇಲೆ ಕ್ಷಮೆ ಕೇಳುವ ಗುಣವೂ ಇತ್ತು.

1836ರಲ್ಲಿ ಹಿಂದಿರುಗಿದ ಮೇಲೆ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯ ಚಿನ್ನದ ಪದಕ ಬಂತು. 1841ರಲ್ಲಿ ಸಂಸತ್ತಿಗೆ ಆಯ್ಕೆಯಾದರು. 1843ರಿಂದ ಎರಡು ವರ್ಷ ನ್ಯೂಜಿಲೆಂಡಿನ ಗವರ್ನರ್. ಅಲ್ಲಿ ವೈರೌ ಎಂಬಲ್ಲಿ ವಲಸಿಗರಿಗೂ ಮಾವೋರಿಗಳಿಗೂ ನಡೆದ ಘರ್ಷಣೆಯಲ್ಲಿ ತಪ್ಪು ವಲಸಿಗರದ್ದೇ ಎಂದು ತೀರ್ಮಾನಿಸಿದ್ದರಿಂದ ವಲಸಿಗರ ದ್ವೇಷ ಕಟ್ಟಿಕೊಂಡರು. ಕೊನೆಗೆ ಸರ್ಕಾರ ಅವರನ್ನು ಹಿಂದಕ್ಕೆ ಕರೆಸಿಕೊಂಡಿತು.

ಮೂರು ಗುಮಾಸ್ತರ ಕಚೇರಿ

1853ರಲ್ಲಿ ಬ್ರಸೆಲ್ಸ್ ನಗರದಲ್ಲಿ ಹಲವು ದೇಶಗಳ ನೌಕಾಧಿಕಾರಿಗಳು ಸೇರಿ, ಕಡಲಿನ ಹವಾಮಾನವನ್ನು ಎಲ್ಲ ಹಡಗುಗಳೂ ಒಂದೇ ಕ್ರಮದಲ್ಲಿ ದಾಖಲಿಸಬೇಕೆಂದು ಒಪ್ಪಿಕೊಂಡರು. ಅದರ ಫಲವಾಗಿ ಬ್ರಿಟನ್ನಿನ ವ್ಯಾಪಾರ ಮಂಡಳಿಯಲ್ಲಿ 1854ರಲ್ಲಿ ಒಂದು ಚಿಕ್ಕ ಹವಾಮಾನ ವಿಭಾಗ ಹುಟ್ಟಿತು. ಅದರ ಮುಖ್ಯಸ್ಥರಾಗಿ ಫಿಟ್ಜ್‌ರಾಯ್ ನೇಮಕವಾದರು. ಕೆಲಸಕ್ಕೆ ಮೂವರೇ ಸಹಾಯಕರು. ಇಂದಿನ ಬ್ರಿಟಿಷ್ ಹವಾಮಾನ ಕಚೇರಿಯ ಮೂಲ ಇದೇ.

ಅವರಿಗೆ ವಹಿಸಿದ್ದ ಕೆಲಸ ಅಂಕಿಅಂಶ ಸಂಗ್ರಹ ಮಾತ್ರ. ಹಡಗುಗಳಿಗೆ ಪರೀಕ್ಷಿಸಿದ ಉಪಕರಣಗಳನ್ನು ಕೊಡುವುದು, ಹಿಂದಿರುಗಿದಾಗ ಅವುಗಳ ದಾಖಲೆ ಪಡೆಯುವುದು, ಕೋಷ್ಟಕ ಮಾಡುವುದು. ಆದರೆ ಫಿಟ್ಜ್‌ರಾಯ್ ಅವರಿಗೆ ಅಷ್ಟಕ್ಕೆ ಸಮಾಧಾನವಿರಲಿಲ್ಲ. ಸ್ವಂತ ವಾಯುಭಾರಮಾಪಕ ಕೊಳ್ಳಲಾಗದ ಬಡ ಮೀನುಗಾರರ ಊರುಗಳಿಗೆ ಗಟ್ಟಿಮುಟ್ಟಾದ ಮಾಪಕಗಳನ್ನು ಕೊಡಿಸಿ, ದೋಣಿ ಹೊರಡುವ ಜಾಗದಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ಹಾಕಿಸಿದರು. ಅದನ್ನು ಓದುವ ಬಗೆಯನ್ನು ಸರಳ ಭಾಷೆಯ ಕೈಪಿಡಿಯಲ್ಲಿ ಬರೆದುಕೊಟ್ಟರು. ಪಾದರಸ ಎಷ್ಟಿದೆ ಎಂಬುದಕ್ಕಿಂತ ಏರುತ್ತಿದೆಯೋ ಇಳಿಯುತ್ತಿದೆಯೋ, ಎಷ್ಟು ಬೇಗ ಇಳಿಯುತ್ತಿದೆ ಎಂಬುದನ್ನು ನೋಡಬೇಕು ಎಂಬುದು ಆ ಕೈಪಿಡಿಯ ಸಾರ. ನಾವು ತರಗತಿಯಲ್ಲಿ 760 ಮಿಲಿಮೀಟರ್ ಎಂದು ಬಾಯಿಪಾಠ ಮಾಡಿಸುತ್ತೇವೆ. ಬದಲಾವಣೆಯ ಬಗ್ಗೆ ಹೇಳುವುದನ್ನು ಮರೆಯುತ್ತೇವೆ.

ರಾಯಲ್ ಚಾರ್ಟರ್ ದುರಂತ

1859ರ ಅಕ್ಟೋಬರ್ 25 ಮತ್ತು 26ರಂದು ಬ್ರಿಟನ್ನಿನ ಪಶ್ಚಿಮ ಕರಾವಳಿಗೆ ಭೀಕರ ಬಿರುಗಾಳಿ ಬೀಸಿತು. ರಾಯಲ್ ಚಾರ್ಟರ್ ಎಂಬ ಹಡಗು ಮೆಲ್ಬರ್ನಿನಿಂದ ಲಿವರ್‌ಪೂಲಿಗೆ ಬರುತ್ತಿತ್ತು. ಆಸ್ಟ್ರೇಲಿಯಾದ ಚಿನ್ನದ ಗಣಿಗಳಲ್ಲಿ ದುಡಿದು ಊರಿಗೆ ಮರಳುತ್ತಿದ್ದವರು ಅದರಲ್ಲಿದ್ದರು. ಪ್ರಪಂಚದ ಆ ತುದಿಯಿಂದ ಬಂದ ಹಡಗು, ಮನೆ ಸೇರಲು ಒಂದು ದಿನವೂ ಉಳಿದಿಲ್ಲದಾಗ ವೇಲ್ಸ್‌ನ ಆಂಗ್ಲ್‌ಸೀ ದ್ವೀಪದ ಬಂಡೆಗಳಿಗೆ ಅಪ್ಪಳಿಸಿ ಒಡೆಯಿತು. ಸುಮಾರು 450 ಜನ ಸತ್ತರು. ಆ ಒಂದು ಬಿರುಗಾಳಿಯಲ್ಲಿ ಒಟ್ಟು 133 ಹಡಗುಗಳು, ಸುಮಾರು 800 ಜೀವಗಳು ಹೋದವು.

ಫಿಟ್ಜ್‌ರಾಯ್ ಸುಮ್ಮನೆ ಕೂರಲಿಲ್ಲ. ದೀಪಸ್ತಂಭಗಳು, ಬಂದರುಗಳು, ಹಡಗುಗಳಿಂದ ಆ ಎರಡು ದಿನಗಳ ದಾಖಲೆಗಳನ್ನು ತರಿಸಿದರು. ಒಂದೊಂದು ಹೊತ್ತಿಗೆ ಎಲ್ಲೆಲ್ಲಿ ಒತ್ತಡ ಎಷ್ಟಿತ್ತು, ಗಾಳಿ ಯಾವ ದಿಕ್ಕಿನದು ಎಂದು ನಕಾಶೆಗಳ ಮೇಲೆ ಗುರುತಿಸಿದರು. ಸಾಲಾಗಿ ಇಟ್ಟು ನೋಡಿದಾಗ ಸಂಗತಿ ಸ್ಪಷ್ಟವಾಯಿತು. ಬಿರುಗಾಳಿ ಎಲ್ಲ ಕಡೆ ಒಮ್ಮೆಲೇ ಎದ್ದದ್ದಲ್ಲ. ಕಡಿಮೆ ಒತ್ತಡದ ಒಂದು ಕೇಂದ್ರ, ಅದರ ಸುತ್ತ ಸುತ್ತುವ ಗಾಳಿ, ಎರಡೂ ಒಟ್ಟಾಗಿ ದಕ್ಷಿಣದಿಂದ ಉತ್ತರಕ್ಕೆ ಗಂಟೆಗಟ್ಟಲೆ ಸಾಗಿದ್ದವು. ದಕ್ಷಿಣದ ಬಂದರುಗಳಿಗೆ ಗಾಳಿ ಮುಟ್ಟಿದಾಗ ಉತ್ತರದವರಿಗೆ ಇನ್ನೂ ಸಮಯವಿತ್ತು. ಗಾಳಿಗಿಂತ ವೇಗವಾಗಿ ಹೋಗಬಲ್ಲದ್ದೂ ಆಗ ಒಂದಿತ್ತು: ವಿದ್ಯುತ್ ತಂತಿ.

ಮುನ್ಸೂಚನೆ ಎಂಬ ಹೆಸರು

1860ರಿಂದ ಕರಾವಳಿಯ ಹಲವು ಕೇಂದ್ರಗಳಿಂದ ಪ್ರತಿದಿನ ಬೆಳಿಗ್ಗೆ ಒತ್ತಡ, ಉಷ್ಣತೆ, ಗಾಳಿಯ ವಿವರಗಳು ತಂತಿಯ ಮೂಲಕ ಲಂಡನ್ನಿಗೆ ಬರತೊಡಗಿದವು. ಅವುಗಳನ್ನು ನೋಡಿ ಗಂಡಾಂತರವಿದೆ ಎನಿಸಿದ ಕರಾವಳಿಗೆ ಫಿಟ್ಜ್‌ರಾಯ್ ತಂತಿ ಕಳುಹಿಸುತ್ತಿದ್ದರು. ತಂತಿ ಸಿಕ್ಕ ಬಂದರಿನವರು ಎತ್ತರದ ಕಂಬಕ್ಕೆ ಕ್ಯಾನ್ವಾಸಿನ ದೊಡ್ಡ ಆಕಾರಗಳನ್ನು ಏರಿಸುತ್ತಿದ್ದರು. ತುದಿ ಮೇಲಾದ ಶಂಕುವಿಗೆ ಉತ್ತರದಿಂದ ಬಿರುಗಾಳಿ ಎಂದರ್ಥ. ತುದಿ ಕೆಳಗಾದರೆ ದಕ್ಷಿಣದಿಂದ. ಡೋಲಿನ ಆಕಾರವಿದ್ದರೆ ಗಾಳಿ ಒಂದಾದ ಮೇಲೊಂದು ದಿಕ್ಕಿನಿಂದ ಬೀಸುತ್ತದೆ. ರಾತ್ರಿ ಅದೇ ಆಕಾರದಲ್ಲಿ ಲಾಟೀನುಗಳು. ಓದು ಬರಹ ಬಾರದವರಿಗೂ ದೂರದಿಂದಲೇ ತಿಳಿಯುವ ಭಾಷೆ ಅದು.

ಮೊದಲ ಎಚ್ಚರಿಕೆ ಹೊರಟದ್ದು 1861ರ ಫೆಬ್ರವರಿಯಲ್ಲಿ. ಬಹಳ ಜನ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅದೇ ವಾರ ಈಶಾನ್ಯ ಕರಾವಳಿಯಲ್ಲಿ ಬೀಸಿದ ಗಾಳಿಗೆ ಅನೇಕ ಹಡಗುಗಳು ನಾಶವಾದವು. 1861ರ ಆಗಸ್ಟ್ 1ರಂದು ಟೈಮ್ಸ್ ಪತ್ರಿಕೆಯಲ್ಲಿ ಸಾರ್ವಜನಿಕರಿಗಾಗಿ ಮೊದಲ ದೈನಂದಿನ ಮುನ್ಸೂಚನೆ ಅಚ್ಚಾಯಿತು. ಇದಕ್ಕೆ ಏನೆಂದು ಹೆಸರಿಡುವುದು ಎಂಬ ಬಗ್ಗೆಯೂ ಅವರು ಯೋಚಿಸಿದ್ದರು. ಇದು ಕಣಿ ಹೇಳುವುದಲ್ಲ, ಭವಿಷ್ಯವಾಣಿಯೂ ಅಲ್ಲ. ಅಳತೆ ಮತ್ತು ಲೆಕ್ಕಾಚಾರದಿಂದ ಬಂದ ಅಭಿಪ್ರಾಯ ಮಾತ್ರ ಎಂದು ತೋರಿಸಲು ಫೋರ್‌ಕಾಸ್ಟ್ ಎಂಬ ಪದವನ್ನು ಹವಾಮಾನಕ್ಕೆ ಬಳಕೆಗೆ ತಂದರು. ಇಂದು ನಾವು ಮುನ್ಸೂಚನೆ ಎನ್ನುವುದು ಅದನ್ನೇ.

ಟೀಕೆ, ದಣಿವು, ಸಾವು

ಮುನ್ಸೂಚನೆ ಹಲವು ಸಲ ಸರಿಯಾಯಿತು, ಹಲವು ಸಲ ತಪ್ಪಿತು. ಉಪಗ್ರಹವಿಲ್ಲ, ಗಣಕಯಂತ್ರವಿಲ್ಲ. ಬ್ರಿಟನ್ನಿಗೆ ಗಾಳಿ ಬರುವುದು ಹೆಚ್ಚಾಗಿ ಅಟ್ಲಾಂಟಿಕ್ ಕಡೆಯಿಂದ; ಆ ಸಾಗರದ ಮೇಲೆ ಏನಾಗುತ್ತಿದೆ ಎಂದು ತಿಳಿಸಲು ಒಂದು ಕೇಂದ್ರವೂ ಇರಲಿಲ್ಲ. ತಪ್ಪಿದಾಗ ಪತ್ರಿಕೆಗಳು ಗೇಲಿ ಮಾಡಿದವು. ಸಿದ್ಧಾಂತದ ಆಧಾರವಿಲ್ಲದ ಊಹೆ ಎಂದು ಕೆಲವು ವಿಜ್ಞಾನಿಗಳು ಆಕ್ಷೇಪಿಸಿದರು. ಶಂಕು ಏರಿದ ದಿನ ದೋಣಿಗಳು ದಡದಲ್ಲೇ ಉಳಿಯುತ್ತವೆ, ನಮಗೆ ನಷ್ಟವಾಗುತ್ತದೆ ಎಂದು ಮೀನುಗಾರಿಕೆ ದೋಣಿಗಳ ಮಾಲೀಕರು ದೂರಿದರು. ಇಲ್ಲಿಗೆ ಬಂದಾಗ ನನಗೆ ನನ್ನ ತರಗತಿಯ ಹುಡುಗನ ನೆನಪಾಯಿತು.

ಟೀಕೆಗಳು ಫಿಟ್ಜ್‌ರಾಯ್ ಅವರನ್ನು ಒಳಗಿನಿಂದ ಸವೆಸಿದವು. ಮೊದಲ ಹೆಂಡತಿ, ಹಿರಿಯ ಮಗಳು ಆಗಲೇ ತೀರಿಕೊಂಡಿದ್ದರು. ತಾವು ಬಯಸಿದ್ದ ನೌಕಾ ಹುದ್ದೆ, ಬೀಗಲ್ ಹಡಗಿನಲ್ಲಿ ತಮ್ಮ ಕೈಕೆಳಗಿದ್ದ ಸಲಿವಾನ್ ಅವರ ಪಾಲಾಗಿತ್ತು. ಸಾರ್ವಜನಿಕ ಕೆಲಸಗಳಿಗೆ ಸ್ವಂತ ಹಣ ಸುರಿದು ಆಸ್ತಿ ಕರಗಿತ್ತು. ಕಿವಿ ಮಂದವಾಗಿತ್ತು, ಆರೋಗ್ಯ ಕೆಟ್ಟಿತ್ತು. 1865ರ ಏಪ್ರಿಲ್ 30ರಂದು, ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ಅವರು ತಮ್ಮ ಜೀವವನ್ನು ತಾವೇ ಕೊನೆಗೊಳಿಸಿಕೊಂಡರು. ಮನೆಯವರಿಗೆ ಸಾಲ ಉಳಿಯಿತು. ಸ್ನೇಹಿತರು ಕೂಡಿಸಿದ ಸಹಾಯನಿಧಿಗೆ, ವಿಚಾರದಲ್ಲಿ ಅವರಿಂದ ಬಹುದೂರ ಸರಿದಿದ್ದ ಡಾರ್ವಿನ್ ಅವರೂ 100 ಪೌಂಡ್ ಕೊಟ್ಟರು.

ಅವರ ನಂತರ ಒಂದು ಸಮಿತಿ ಈ ಕೆಲಸವನ್ನು ಪರಿಶೀಲಿಸಿ, ಮುನ್ಸೂಚನೆಗೆ ವೈಜ್ಞಾನಿಕ ಆಧಾರ ಸಾಲದು ಎಂದಿತು. 1866ರ ಡಿಸೆಂಬರಿನಲ್ಲಿ ಬಂದರುಗಳ ಎಚ್ಚರಿಕೆ ಸಂಕೇತಗಳೂ ನಿಂತವು. ಆಗ ದನಿ ಎತ್ತಿದವರು ಕರಾವಳಿಯವರು, ಕಡಲಿಗೆ ಹೋಗುವವರು. ತಪ್ಪಿದ ಎಚ್ಚರಿಕೆಗಳನ್ನು ಅವರೂ ಕಂಡಿದ್ದರು, ಆದರೂ ಎಚ್ಚರಿಕೆ ಬೇಕೆಂದರು. ಒಂದು ವರ್ಷದೊಳಗೆ ಸಂಕೇತಗಳು ಮತ್ತೆ ಕಂಬವೇರಿದವು. ಪತ್ರಿಕೆಯ ದೈನಂದಿನ ಮುನ್ಸೂಚನೆ ಮರಳಲು 1879 ಆಗಬೇಕಾಯಿತು. 2002ರಲ್ಲಿ ಬ್ರಿಟನ್ ತನ್ನ ಕಡಲ ಮುನ್ಸೂಚನೆಯ ವಲಯವೊಂದಕ್ಕೆ ಫಿಟ್ಜ್‌ರಾಯ್ ಎಂದು ಹೆಸರಿಟ್ಟಿತು.

ನಮ್ಮ ಕಡಲಿಗೆ ಬಂದರೆ

1864ರ ಅಕ್ಟೋಬರಿನಲ್ಲಿ ಕಲ್ಕತ್ತಕ್ಕೆ ಅಪ್ಪಳಿಸಿದ ಚಂಡಮಾರುತದ ಅನುಭವ ನಮ್ಮ ದೇಶದಲ್ಲೂ ಇಂಥ ವ್ಯವಸ್ಥೆಗೆ ದಾರಿ ಮಾಡಿತು. 1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಸ್ಥಾಪನೆಯಾಯಿತು. ಇಂದಿಗೂ ನಮ್ಮ ಬಂದರುಗಳಲ್ಲಿ ಬಿರುಗಾಳಿಯ ಸಂಕೇತಗಳನ್ನು ಸಂಖ್ಯೆಯ ಪ್ರಕಾರ ಏರಿಸುತ್ತಾರೆ. ಹಗಲಿನ ಸಂಕೇತಗಳಲ್ಲಿ ಈಗಲೂ ಶಂಕು ಮತ್ತು ಡೋಲಿನ ಆಕಾರಗಳೇ ಇವೆ.

ಹೈದರಾಬಾದಿನಲ್ಲಿ 1999ರಲ್ಲಿ ಆರಂಭವಾದ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಅಂದರೆ ಇನ್‌ಕಾಯಿಸ್, ಅಲೆಯ ಎತ್ತರ, ಪ್ರವಾಹ, ಗಾಳಿಗಳ ಮುನ್ಸೂಚನೆಯನ್ನು ಪ್ರತಿದಿನ ಕೊಡುತ್ತದೆ. ವಾಯುಭಾರಮಾಪಕ ಹೇಳಲಾಗದ ಗಂಡಾಂತರವೂ ಇದೆ. ದೂರದ ದಕ್ಷಿಣ ಸಾಗರದ ಬಿರುಗಾಳಿಯಿಂದ ಎದ್ದ ಅಲೆಗಳು ದಿನಗಟ್ಟಲೆ ಸಾಗಿ ಬಂದು, ಆಕಾಶ ಶುಭ್ರವಾಗಿರುವಾಗಲೇ ನಮ್ಮ ಪಶ್ಚಿಮ ಕರಾವಳಿಗೆ ನುಗ್ಗುತ್ತವೆ. ಇದನ್ನು ಕೇರಳದ ಮೀನುಗಾರರು ಕಳ್ಳಕಡಲ್ ಎನ್ನುತ್ತಾರೆ. ಇನ್‌ಕಾಯಿಸ್ ಇದಕ್ಕೂ ಎಚ್ಚರಿಕೆ ಕೊಡುತ್ತದೆ. ಈ ಲೆಕ್ಕಾಚಾರಗಳು ಮನುಷ್ಯರಿಗಷ್ಟೇ ಅಲ್ಲ, ಕಡಲಿಗೂ ಬೇಕು. ಹಡಗಿನಿಂದ ಎಣ್ಣೆ ಸೋರಿದರೆ ಅದು ಯಾವ ದಡದತ್ತ ತೇಲುತ್ತದೆ ಎಂಬುದನ್ನು ಗಾಳಿ ಮತ್ತು ಪ್ರವಾಹದ ಮುನ್ಸೂಚನೆಯಿಂದಲೇ ತಿಳಿಯುತ್ತಾರೆ. ನೀರಿನ ಉಷ್ಣತೆ ಏರುವುದನ್ನು ಗಮನಿಸಿ ಹವಳದ ದಿಬ್ಬಗಳು ಬಿಳಿಚುವ ಅಪಾಯವನ್ನು ಮೊದಲೇ ತಿಳಿಸುತ್ತಾರೆ.

ಎಚ್ಚರಿಕೆ ಕೊಟ್ಟರೆ ಸಾಲದು, ಕೇಳುವವರೂ ಬೇಕು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲೇ ಸಾಗಿತು. ದಿನಗಳ ಮೊದಲೇ ಮುನ್ಸೂಚನೆ ಇತ್ತು. ಆದರೂ ಮುಂಬೈ ಸಮೀಪದ ಸಮುದ್ರದಲ್ಲಿ ಉಳಿದಿದ್ದ ಒಂದು ಬಾರ್ಜ್ ಮುಳುಗಿ ಹಲವಾರು ಕಾರ್ಮಿಕರು ಸತ್ತರು.

ತರಗತಿಯಲ್ಲಿ ಬಳಸಿದ ಬಗೆ

ಈ ಜೀವನಕಥೆಯನ್ನು ಎರಡು ಅವಧಿಗಳಲ್ಲಿ ಹೇಳಿದೆ. ಮೊದಲ ಅವಧಿಯಲ್ಲಿ ಮಾಲ್ಡೊನಾಡೊ ಘಟನೆಯವರೆಗೆ ಹೇಳಿ, ಗಾಜಿನ ಬಾಟಲಿಯ ಬಾಯಿಗೆ ಬಲೂನಿನ ತುಂಡು ಬಿಗಿದು, ಮೇಲೆ ಸ್ಟ್ರಾ ಅಂಟಿಸಿ ಮಕ್ಕಳಿಂದಲೇ ವಾಯುಭಾರಮಾಪಕ ಮಾಡಿಸಿದೆ. ಮೊದಲ ದಿನ ಅದನ್ನು ಕಿಟಕಿಯ ಬಿಸಿಲಿನಲ್ಲಿ ಇಟ್ಟು ತಪ್ಪು ಮಾಡಿದೆ. ಒಳಗಿನ ಗಾಳಿ ಕಾಯ್ದು ಹಿಗ್ಗುವುದರಿಂದ, ಒತ್ತಡ ಇಳಿದಾಗ ಆಗುವಂತೆಯೇ ಬಲೂನು ಉಬ್ಬಿ ಸ್ಟ್ರಾ ಬಾಗುತ್ತದೆ. ನೆರಳಿನಲ್ಲಿ, ಉಷ್ಣತೆ ಹೆಚ್ಚು ಬದಲಾಗದ ಜಾಗದಲ್ಲಿ ಇಡಬೇಕು. ಮುಂದೆ ಈ ಪಾಠ ಮಾಡುವ ಸಹಪಾಠಿಗಳು ಇದನ್ನು ಗಮನಿಸಬೇಕು.

ಎರಡನೆಯ ಅವಧಿಯಲ್ಲಿ ಆಟದ ಮೈದಾನದಲ್ಲಿ ಐವರನ್ನು ಕೊಚ್ಚಿ, ಮಂಗಳೂರು, ಮಲ್ಪೆ, ಹೊನ್ನಾವರ, ಕಾರವಾರ ಎಂದು ಸಾಲಾಗಿ ನಿಲ್ಲಿಸಿದೆ. ಒಬ್ಬಳು ಬಿರುಗಾಳಿಯಾಗಿ ನಿಧಾನ ನಡೆದು ಬಂದಳು. ಮೊದಲ ಸಲ ಯಾರೂ ಮಾತಾಡುವಂತಿಲ್ಲ. ಎರಡನೆಯ ಸಲ, ಗಾಳಿ ಮುಟ್ಟಿದ ಬಂದರು ಮುಂದಿನವರಿಗೆ ಕೂಗಿ ಹೇಳಬೇಕು. ಕೇಳಿದವರು ಕಪ್ಪು ಕಾಗದದ ಶಂಕು ಏರಿಸಬೇಕು. ರಾಯಲ್ ಚಾರ್ಟರ್ ಕಥೆಯ ತಿರುಳು ಮಕ್ಕಳಿಗೆ ಇದರಲ್ಲೇ ಅರ್ಥವಾಯಿತು.

ಫಿಟ್ಜ್‌ರಾಯ್ ಅವರ ಸಾವಿನ ವಿಷಯ ಹೇಳಬೇಕೋ ಬೇಡವೋ ಎಂದು ಮಾರ್ಗದರ್ಶಕರನ್ನು ಕೇಳಿದೆ. ವಿವರಗಳಿಗೆ ಹೋಗದೆ ನಿಜ ಹೇಳಿ, ಮನಸ್ಸಿಗೆ ಭಾರವಾದಾಗ ನಂಬಿಕೆಯ ಒಬ್ಬರ ಹತ್ತಿರ ಹೇಳಿಕೊಳ್ಳಬೇಕು ಎಂಬುದನ್ನೂ ಹೇಳಿ ಎಂದರು. ಹಾಗೆಯೇ ಮಾಡಿದೆ. ತರಗತಿ ಸ್ವಲ್ಪ ಹೊತ್ತು ಮೌನವಾಗಿತ್ತು.

ಆ ಹುಡುಗನ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಇಷ್ಟು: ಮುನ್ಸೂಚನೆ ತಪ್ಪಬಹುದು. ಎಚ್ಚರಿಕೆ ಬಂದು ಗಾಳಿ ಬಾರದಿದ್ದರೆ ಒಂದು ದಿನದ ದುಡಿಮೆ ಹೋಗುತ್ತದೆ. ಎಚ್ಚರಿಕೆ ಇಲ್ಲದೆ ಗಾಳಿ ಬಂದರೆ ಹೋಗುವುದನ್ನು ಮತ್ತೆ ತರಲಾಗದು. ಆದರೆ ಆ ಒಂದು ದಿನದ ದುಡಿಮೆಯೂ ಸಣ್ಣದಲ್ಲ; ಅದರ ಭಾರ ಅವನ ಅಪ್ಪನೊಬ್ಬರ ಮೇಲೆಯೇ ಏಕೆ ಬೀಳಬೇಕು ಎಂಬ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ವಿಜ್ಞಾನದ ಪಾಠದಲ್ಲಿ ಉತ್ತರವಿಲ್ಲ, ಸಮಾಜ ಕೊಡಬೇಕು ಎಂದೆ.

ಅವನು ತಲೆಯಾಡಿಸಿದ, ಪೂರ್ತಿ ಒಪ್ಪಿದಂತೆ ಕಾಣಲಿಲ್ಲ. ಮರುದಿನ ಅಪ್ಪನ ಮೊಬೈಲಿಗೆ ಬಂದ ಕಡಲಿನ ಮುನ್ಸೂಚನೆಯನ್ನು ನೋಟ್‌ಬುಕ್ಕಿನಲ್ಲಿ ಬರೆದು ತಂದ. ಎಡಕ್ಕೆ ಮುನ್ಸೂಚನೆ, ಬಲಕ್ಕೆ ನಿಜವಾಗಿ ಆದದ್ದು. ನನ್ನ ಬೋಧನಾಭ್ಯಾಸ ಮುಗಿಯುವವರೆಗೆ ಮೂರು ವಾರ ಹಾಗೆ ಬರೆದ. ಸರಿಯಾದವೂ ಇದ್ದವು, ತಪ್ಪಿದವೂ ಇದ್ದವು. ನಾನು ಶಾಲೆ ಬಿಟ್ಟು ಬರುವ ದಿನ, ಇನ್ನೂ ಬರೆಯುತ್ತೇನೆ ಟೀಚರ್ ಎಂದು ಹೇಳಿ ಹೋದ.